ಗುಡ್ಡ ಇಳಿಯುವ ಹಾದಿ

ಇಲಿನಾಯ್‌ನಲ್ಲಿ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಊರೂರಿನ ಸೈರನ್‌ಗಳನ್ನು ಕೂಗಿಸಿ ನೋಡುತ್ತಾರೆ. ಸುಂಟರಗಾಳಿ ಬಂದ ದಿನ ಅವು ಕೈಕೊಡಬಾರದಲ್ಲ, ಅದಕ್ಕೆ. ಇಟಾಸ್ಕಾದ ನಮ್ಮ ಆಫೀಸಿನಲ್ಲಿ ಆ ಸದ್ದಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಅಕ್ಕ ಮಾತ್ರ ಎದ್ದು ಕಿಟಕಿಯ ಹತ್ತಿರ ಹೋಗಿ, ಎರಡೂ ಕೈ ಹಿಂದೆ ಕಟ್ಟಿಕೊಂಡು, ಅದು ಅಡಗುವ ತನಕ ನಿಲ್ಲುತ್ತಿದ್ದರು. ಅಡಗಿದ ಮೇಲೆ ಗದಗಿನ ಕಡೆಯ ಕನ್ನಡದಲ್ಲಿ ಒಂದು ಬೈಗುಳ ಬೈದು ಬಂದು ಕೂರುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಎರಡನೆಯ ವಾರವೇ ಅದು ನನ್ನ ಕಿವಿಗೆ ಬಿತ್ತು. ಬರೆಯುವಂಥ ಬೈಗುಳವಲ್ಲ. ಬೆಚ್ಚಿದ ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಕನ್ನಡದಾಕಿ ಏನು?"

"ಹೌದು ಮೇಡಂ. ಮೈಸೂರು."

"ಮೇಡಂ ಅನಬ್ಯಾಡ, ಅಕ್ಕಾ ಅನು. ಈಗ ಕೇಳಿದ್ದು ಮರತಬಿಡು."

ಹೋದ ಮಾರ್ಚ್‌ನಲ್ಲಿ ಡಿಯರ್‌ಬಾರ್ನ್‌ನ ತಮ್ಮನ ಮನೆಯಲ್ಲಿ ಅಕ್ಕ ತೀರಿಕೊಂಡರು. ಇಲ್ಲಿನ ಕನ್ನಡ ಸಂಘದವರು ತಮ್ಮ ಪತ್ರಿಕೆಯಲ್ಲಿ ಫೋಟೋ ಹಾಕಿ, 'ಮೃದು ಸ್ವಭಾವ, ಕ್ಷಮಾಗುಣದ ಹಿರಿಯ ಜೀವ' ಎಂದು ನಾಲ್ಕು ಸಾಲು ಬರೆದಿದ್ದರು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮೃದುವಾಗಿರಲಿಲ್ಲ, ಯಾರನ್ನೂ ಕ್ಷಮಿಸಿರಲೂ ಇಲ್ಲ. ತಾವು ಸಾಧಿಸಿದ ಒಂದೇ ಒಂದು ಕೆಲಸವೆಂದು ಅವರು ಹೇಳಿಕೊಳ್ಳುತ್ತಿದ್ದುದು ಒಂದು ಸೇಡನ್ನು. ಅದನ್ನು ಸತ್ತ ಮೇಲೆ ಅವರಿಂದ ಯಾರೂ ಕಿತ್ತುಕೊಳ್ಳಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಅವರು ಭೂವಿಜ್ಞಾನಿ. ಐದಡಿಯೂ ಇಲ್ಲದ ಗಟ್ಟಿ ಮೈ, ಗಿಡ್ಡಕ್ಕೆ ಕತ್ತರಿಸಿದ ಬಿಳಿ ಕೂದಲು, ಆಫೀಸಿನ ಕಾರ್ಪೆಟ್ಟಿನ ಮೇಲೂ ಬೆಟ್ಟ ಹತ್ತುವ ಬೂಟು. ಮದುವೆಯಾಗಿರಲಿಲ್ಲ. ಇಂಡೋನೇಷ್ಯಾದ ಒಂದು ದ್ವೀಪದಲ್ಲಿ, ಜ್ವಾಲಾಮುಖಿಯೊಂದರ ಮಗ್ಗುಲಲ್ಲೇ, ಹತ್ತು ವರ್ಷ ಕೆಲಸ ಮಾಡಿ ಬಂದವರು. ನಮ್ಮ ಕಂಪನಿಯ ಕೆಲಸವೆಂದರೆ ಪ್ರಪಂಚದ ಯಾವ ಕಟ್ಟಡ ಯಾವ ಅಪಾಯದ ದಾರಿಯಲ್ಲಿ ನಿಂತಿದೆ ಎಂದು ವಿಮೆಯವರಿಗೆ ಅಂದಾಜು ಮಾಡಿ ಹೇಳುವುದು. ಹೊರಗಿನ ತಜ್ಞರು ತಯಾರಿಸಿ ತಂದ ಅಪಾಯದ ನಕ್ಷೆಗಳನ್ನು ಕೊಳ್ಳುವ ಮುಂಚೆ ಪರೀಕ್ಷಿಸುವವರು ಅಕ್ಕ.

ನನ್ನ ಮಗಳು ನಾಲ್ಕನೇ ಗ್ರೇಡಿನಲ್ಲಿದ್ದಾಗ ಶಾಲೆಗೆಂದು ಒಂದು ಜ್ವಾಲಾಮುಖಿ ಮಾಡಿದ್ದಳು. ಪೇಪರಿನ ಗುಡ್ಡ, ಒಳಗೆ ಬೇಕಿಂಗ್ ಸೋಡಾ, ವಿನೆಗರ್, ಕೆಂಪು ಬಣ್ಣ. ಭಾನುವಾರ ಶಾಮ್‌ಬರ್ಗ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಊಟಕ್ಕೆ ಬಂದ ಅಕ್ಕ ಅದರ ಸುತ್ತ ಒಂದು ಸುತ್ತು ಬಂದರು.

"ಇದರಾಗ ಮಂದಿ ಎಲ್ಲಿ ಅದಾರ?"

"ದೇರ್ ಆರ್ ನೋ ಪೀಪಲ್, ಆಂಟಿ. ಇಟ್ಸ್ ಅ ವೊಲ್ಕೇನೋ."

"ಮಂದಿ ಇಲ್ಲದ ಗುಡ್ಡ ಎಲ್ಲೈತವ್ವಾ? ಬೂದಿ ಬಿದ್ದ ಮಣ್ಣು ಬಂಗಾರ. ಬಿಟ್ಟು ಹ್ಯಾಂಗ ಹೋದಾರು?"

ಅಡುಗೆಮನೆಯಿಂದ ಒಣ ಬಟಾಣಿ ತಂದು ಗುಡ್ಡದ ಮೇಲೆ ಮನೆಗಳಂತೆ ಇಟ್ಟರು. ಕಣಿವೆಯಲ್ಲಿ ಕೆಲವು, ದಿಬ್ಬದ ಬೆನ್ನಿನ ಮೇಲೆ ಕೆಲವು. ಆಮೇಲೆ ಒಂದು ಬಟ್ಟಲು ಮೈದಾ ಹಿಟ್ಟನ್ನು ತುದಿಯಿಂದ ಸುರಿದರು. ಕಣಿವೆಯ ಬಟಾಣಿಗಳು ಕಾಣದಂತಾದವು. ದಿಬ್ಬದ ಮೇಲಿನವು ಹಾಗೇ ಇದ್ದವು.

"ಕೆಂಪು ಲಾವಾಕ್ಕ ಅಂಜಬ್ಯಾಡ. ಅದು ಮುದುಕರ ಗತೆ ನಡಕೊಂತ ಬರ್ತೈತಿ, ನೀ ತಪ್ಪಿಸ್ಕೊಬಹುದು. ಕೊಲ್ಲೂದು ಸುಡುಮೋಡ, ಕಾದ ಬೂದಿ ಹೊಗಿ. ಅದು ಕಣಿವಿ ಹಿಡಕೊಂಡು ಕಾರಿಗಿಂತ ಜೋರು ಇಳೀತೈತಿ. ಆ ಕಣಿವಿಗೆ ಅಲ್ಲಿ ಮಂದಿ ಏನಂತಾರ ಗೊತ್ತೇನು? ಗುಡ್ಡ ಇಳಿಯೂ ಹಾದಿ."

ಮಗಳು ಹಿಟ್ಟು ಒರೆಸಲು ಬಿಡಲಿಲ್ಲ. ಬಟಾಣಿ, ಹಿಟ್ಟು ಸಮೇತ ಶಾಲೆಗೆ ತೆಗೆದುಕೊಂಡು ಹೋದಳು.

ಆ ದ್ವೀಪದಲ್ಲಿ ಗುಡ್ಡದ ಮಗ್ಗುಲಲ್ಲಿ ತಾವಿದ್ದ ಹಳ್ಳಿಯ ಕಟ್ಟಳೆಗಳನ್ನು ಅಕ್ಕ ಒಂದೊಂದಾಗಿ ಮಧ್ಯಾಹ್ನದ ಡಬ್ಬಿಯ ಹೊತ್ತಿಗೆ ಹೇಳುತ್ತಿದ್ದರು. ಗುಡ್ಡ ಇಳಿಯುವ ಹಾದಿಯಲ್ಲಿ ಬೇಸಾಯ ಮಾಡಬಹುದು, ಆದರೆ ಅಲ್ಲಿ ಯಾರೂ ಮಲಗುವಂತಿಲ್ಲ. ಆಚೆಯ ದಿಬ್ಬದ ಊರಿನಲ್ಲಿ ಪ್ರತಿ ಮನೆಗೂ ಒಂದು ಜೋಡಿಮನೆ ಉಂಟು. ಗುಡ್ಡ ಕೆರಳಿದರೆ ಇವರು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಬರ ಬಿದ್ದರೆ ಅವರು ಇಲ್ಲಿಗೆ ಬರುತ್ತಾರೆ. ಕೇಳಿಕೊಂಡು ಬರಬೇಕಾದ್ದಿಲ್ಲ, ಕದ ತೆಗೆದೇ ಇರುತ್ತದೆ. ಬಾಗಿಲ ಪಕ್ಕ ಬೀಜದ ಗಂಟು ಸದಾ ಕಟ್ಟಿಟ್ಟಿರುತ್ತದೆ. ಊರ ನಡುವೆ ತೂಗುಹಾಕಿದ ಬಿದಿರಿನ ಕೊಳವೆಯನ್ನು ಬಡಿಯುವುದರಲ್ಲಿ ಬೇರೆಬೇರೆ ಲಯ: ಕಳ್ಳ ಬಂದರೆ ಒಂದು, ಸಾವಾದರೆ ಒಂದು, ಗುಡ್ಡ ಕೆರಳಿದರೆ ನಿಲ್ಲಿಸದೆ ಬಡಿಯುವುದು. ಇವನ್ನೆಲ್ಲ ಅಕ್ಕನಿಗೆ ಹೇಳಿಕೊಟ್ಟದ್ದು ಆ ಊರಿನ ಒಬ್ಬ ಅಜ್ಜ. ಅಕ್ಕ ಆತನ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದರು. ಆತ ದಿನಾ ಬೆಳಿಗ್ಗೆ ಒಂದು ನೀರಿನ ಬುಗ್ಗೆಯ ಹತ್ತಿರ ಹೋಗಿ, ಕೈ ಇಟ್ಟು ನೋಡಿ, ಮೂಸಿ, ಬರುತ್ತಿದ್ದ. "ನನ್ನ ಎರಡು ಡಿಗ್ರಿ ಒಂದು ಕಡೆ, ಅವನ ಅಂಗೈ ಒಂದು ಕಡೆ ಇಟ್ಟು ತೂಗಿದರ ನನ್ನ ಡಿಗ್ರಿ ಹಾರಿ ಹೋಗ್ತಾವ" ಎನ್ನುತ್ತಿದ್ದರು.

ಜೋಡಿಮನೆಯ ಕಟ್ಟಳೆಯನ್ನು ಅಕ್ಕ ಶಾಮ್‌ಬರ್ಗ್‌ಗೂ ತಂದಿದ್ದರು. ಅವರ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಒಂದೊಂದು ಮನೆಗೂ ನೆಲಮಹಡಿಯ ಒಂದೊಂದು ಮನೆಯನ್ನು ಜೋಡಿ ಮಾಡಿದರು. ಜನ ನಕ್ಕರು. ಅಕ್ಕ ಬಿಡಲಿಲ್ಲ, ಬಾಗಿಲು ತಟ್ಟಿ ತಟ್ಟಿ ಪರಿಚಯ ಮಾಡಿಸಿದರು. ಒಂದು ಏಪ್ರಿಲ್ ಸಂಜೆ ನಿಜವಾಗಿಯೂ ಸೈರನ್ ಕೂಗಿತು. ಮೇಲಿನವರೆಲ್ಲ ಮಕ್ಕಳನ್ನೆತ್ತಿಕೊಂಡು ಕೆಳಗಿನ ಮನೆಗಳ ಕಿಟಕಿಯಿಲ್ಲದ ಬಾತ್‌ರೂಮುಗಳಲ್ಲಿ ಕೂತಿದ್ದಾಗ, ಮೂರನೇ ಮಹಡಿಯ ಎರಡು ಮನೆಗಳ ಚಾವಣಿ ಹಾರಿಹೋಯಿತು. ಯಾರಿಗೂ ಒಂದು ಗಾಯವಾಗಲಿಲ್ಲ. ಮಾರನೆಯ ದಿನ ಅಭಿನಂದಿಸಿದವರಿಗೆ ಅಕ್ಕ ಹೇಳಿದ್ದು ಇಷ್ಟೇ: "ಇದು ನಂದಲ್ಲ. ಸತ್ತವರದು."

ಆ ಸತ್ತವರು ಯಾರೆಂದು ನನಗೆ ತಿಳಿದದ್ದು ಒಂದು ಥ್ಯಾಂಕ್ಸ್‌ಗಿವಿಂಗ್ ಮುನ್ನಾದಿನ. ಅಕ್ಕನನ್ನು ಡಿಯರ್‌ಬಾರ್ನ್‌ನ ತಮ್ಮನ ಮನೆಗೆ ನಾನೇ ಡ್ರೈವ್ ಮಾಡಿಕೊಂಡು ಹೊರಟಿದ್ದೆ. ಐದು ಗಂಟೆಯ ದಾರಿ. ಇಂಡಿಯಾನಾ ದಾಟುವವರೆಗೂ ಸುಮ್ಮನಿದ್ದವರು, ಕ್ಯಾಲಮಝೂ ಎಕ್ಸಿಟ್ ಬರುವಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ್ದರು. ಮುಖ ರಸ್ತೆಯ ಕಡೆಗೇ ಇತ್ತು.

ಅವರು ಆಗ ಒಂದು ಸಲಹಾ ಸಂಸ್ಥೆಯಲ್ಲಿದ್ದರು. ಆ ಗುಡ್ಡದ ಅಪಾಯದ ನಕ್ಷೆ ಬರೆಯುವ ಕೆಲಸ. ಹಳ್ಳಿಯವರ ಮಾತು, ಮಣ್ಣಿನ ಪದರು ಎರಡೂ ಒಂದೇ ಹೇಳುತ್ತಿದ್ದವು: ಗುಡ್ಡ ಇಳಿಯುವುದು ಆ ಕಣಿವೆಯಲ್ಲೇ. ಅಕ್ಕ ನಕ್ಷೆಯಲ್ಲಿ ಆ ಕಣಿವೆಯನ್ನು ಪೂರ್ತಿ ಕೆಂಪು ಮಾಡಿದರು, ಅಲ್ಲಿ ಮನೆ ಕಟ್ಟಬಾರದು ಎಂದು. ಆದರೆ ಕಣಿವೆಯ ಬಾಯಲ್ಲಿ ಒಂದು ರೆಸಾರ್ಟು, ಅದರ ಪಕ್ಕ ಅಲ್ಲಿ ಕೆಲಸ ಮಾಡುವ ಹಳ್ಳಿಯವರಿಗೆ ಕಾಂಕ್ರೀಟ್ ಮನೆಗಳ ಕಾಲೋನಿ ಏಳಬೇಕಿತ್ತು. ಸಂಸ್ಥೆಯ ಡೈರೆಕ್ಟರ್ ತನ್ನ ಪೆನ್ನಿನಿಂದ ಕೆಂಪು ಗೆರೆಯನ್ನು ಒಳಕ್ಕೆ ಎಳೆದ, ರೆಸಾರ್ಟಿನ ಜಾಗ ಹೊರಗುಳಿಯುವ ಹಾಗೆ. ಬಿದಿರಿನ ಕೊಳವೆಯನ್ನು ತೆಗೆಸಿದ, ಪ್ರವಾಸಿಗರು ಗಾಬರಿಯಾಗುತ್ತಾರೆ ಎಂದು. ಬದಲಿಗೆ ಸೈರನ್ ಹಾಕಿಸಿದ.

"ಎರಡು ವರ್ಷ ಆದಮ್ಯಾಲೆ ಅಜ್ಜ ಫೋನ್ ಮಾಡಿದ. ನಾ ರಾಜಧಾನಿ ಆಫೀಸಿನಾಗಿದ್ದೆ. ಬುಗ್ಗಿ ಬತ್ತೈತಿ, ಮಂಗ್ಯಾ ಎಲ್ಲಾ ಕೆಳಗ ಇಳದಾವ ಅಂದ. ಡೈರೆಕ್ಟರ್‌ಗ ಹೇಳಿದೆ. ಯಂತ್ರ ಏನೂ ಹೇಳವಲ್ದು, ಮುದುಕನ ಕತಿ ಬುಲೆಟಿನ್‌ನಾಗ ಹಾಕಾಕ ಬರೂದಿಲ್ಲ ಅಂದ."

"ನೀವೇನ್ ಮಾಡಿದ್ರಿ ಅಕ್ಕ?"

"ಸುಮ್ನಾದೆ. ಅಜ್ಜಗ ತಿರುಗಿ ಫೋನ್ ಸೈತ ಮಾಡಲಿಲ್ಲ."

ಅಜ್ಜ ತನ್ನ ಹೊಣೆಯ ಮೇಲೆ ಊರಿನ ಮಕ್ಕಳನ್ನೆಲ್ಲ ದಿಬ್ಬದಾಚೆಯ ಜೋಡಿಮನೆಗಳಿಗೆ ನಡೆಸಿ ಕಳಿಸಿದ. ದೊಡ್ಡವರು ರೆಸಾರ್ಟಿನ ಕೆಲಸ ಬಿಟ್ಟು ಹೋಗುವಂತಿರಲಿಲ್ಲ. ಸೈರನ್ ಕೂಗದೆ ರಜೆ ಸಿಗುತ್ತಿರಲಿಲ್ಲ. ಅಜ್ಜ ಅವರ ಜೊತೆ ಉಳಿದ. ಎರಡು ದಿನದ ಮೇಲೆ ನಡುಮಧ್ಯಾಹ್ನ ಗುಡ್ಡ ಇಳಿಯಿತು, ತನ್ನ ಹಾದಿಯಲ್ಲೇ ಇಳಿಯಿತು. ಸೈರನ್ ಕೂಗಲಿಲ್ಲ. ಅದರ ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಮಕ್ಕಳು ಉಳಿದರು. ಕಾಲೋನಿಯಲ್ಲಿದ್ದವರು ಯಾರೂ ಉಳಿಯಲಿಲ್ಲ.

ಆಮೇಲೆ ವರದಿ ಬಂತು. ಡೈರೆಕ್ಟರ್ ಬರೆದದ್ದು. ಸ್ಥಳೀಯರು ಒಬ್ಬ ಮುದುಕನ ಮೂಢನಂಬಿಕೆಯ ಮಾತು ಕೇಳಿಕೊಂಡು ಜಾಗ ಬಿಟ್ಟು ಹೋಗಲಿಲ್ಲ, ಸಾವುಗಳಿಗೆ ಅದೇ ಮುಖ್ಯ ಕಾರಣ ಎಂದು ಅದರಲ್ಲಿತ್ತು. ಕೆಳಗೆ ಎರಡು ಸಹಿ. ಎರಡನೆಯದು ಅಕ್ಕನದು.

ನಾನು ಹೀಟರನ್ನು ಸಣ್ಣದು ಮಾಡಿದೆ. "ಯಾಕೆ ಸಹಿ ಹಾಕಿದ್ರಿ?" ಎಂದೆ.

"ಅಂಜಿದೆ. ಅಷ್ಟ. ವೀಸಾ ಅವರ ಕೈಯಾಗಿತ್ತು. ಬ್ಯಾರೇ ದೊಡ್ಡ ಕಾರಣ ಹುಡುಕಬ್ಯಾಡ, ಇಲ್ಲ."

ತಿಂಗಳೊಪ್ಪತ್ತಿನಲ್ಲಿ ಕೆಲಸ ಬಿಟ್ಟರಂತೆ. ಅಪ್ಪ, ಅಮ್ಮ, ಅಜ್ಜ ಮೂವರನ್ನೂ ಕಳೆದುಕೊಂಡಿದ್ದ ಅಜ್ಜನ ಮೊಮ್ಮಗಳನ್ನು ಅಲ್ಲೇ ಓದಿಸಿದರು. ಆಕೆ ಈಗ ಆ ಊರಿನ ಶಾಲೆಯಲ್ಲಿ ಟೀಚರ್. ಅಜ್ಜ ಕೊನೆಗೆ ಮಾಡಿದ ಫೋನಿನ ವಿವರ ಬರೆದಿದ್ದ ಡೈರಿಯನ್ನೂ, ಡೈರೆಕ್ಟರನ ಪೆನ್ನಿನ ಗೆರೆ ಇದ್ದ ಮೂಲ ನಕ್ಷೆಯನ್ನೂ ಜೊತೆಗೆ ತಂದಿದ್ದರು. ನಮ್ಮ ಕಂಪನಿಗೆ ಸೇರಿದ್ದರ ಕಾರಣವೂ ಅದೇ.

"ಬ್ಯಾಟಿ ಆಡಾವ ಮೊಲದ ಹಿಂದ ಓಡೂದಿಲ್ಲ ತಂಗಿ. ನೀರಿನ ದಂಡಿಗೆ ಕುಂದರ್ತಾನ. ಜಗತ್ತಿನ ಎಲ್ಲಾ ಅಪಾಯದ ಪಂಡಿತರೂ ಒಂದಿನ ವಿಮಾದವರ ಬಾಗಲಿಗೆ ಮಾರಾಕ ಬರ್ತಾರ. ಅಂವಾನೂ ಬರ್ತಾನ."

ಬಂದ. ಅದಾಗಿ ಎರಡು ವರ್ಷದ ಮೇಲೆ, ಒಂದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಆತ ದೊಡ್ಡ ಹೆಸರು. ಜ್ವಾಲಾಮುಖಿಗಳ ಅಪಾಯವನ್ನು ಲೆಕ್ಕಹಾಕುವ ಹೊಸ ಮಾದರಿಯೊಂದನ್ನು ನಮ್ಮ ಕಂಪನಿಗೆ ಮಾರಲು ಬರುತ್ತಿದ್ದ. ಮಾದರಿಯ ವಿಶೇಷವೇ ಮೂಲನಿವಾಸಿಗಳ ಅರಿವಿನ ಅಧ್ಯಾಯ. ಬುಗ್ಗೆ, ಮಂಗಗಳು, ಜೋಡಿಮನೆ, ಬಿದಿರಿನ ಲಯ, ಎಲ್ಲ ಅದರಲ್ಲಿತ್ತು. 'ಸ್ಥಳೀಯ ಹಿರಿಯರೊಬ್ಬರು ತಿಳಿಸಿದಂತೆ' ಎಂದಿತ್ತು. ಅಕ್ಕನ ಹಳೆಯ ಟಿಪ್ಪಣಿಗಳಿಂದ ಎತ್ತಿದ್ದು. ಪರೀಕ್ಷೆಗೆ ಬಂದದ್ದು ಅಕ್ಕನ ಮೇಜಿಗೆ. ಓದಿ ಮುಗಿಸಿ ಅಕ್ಕ ಹೋಗಿ ಕೈ ತೊಳೆದುಕೊಂಡು ಬಂದರು.

ಪರೀಕ್ಷಕರ ಹೆಸರು ನೋಡಿ ಆತನೇ ಫೋನ್ ಮಾಡಿದ. ಆತ ಮಾದರಿಯನ್ನು ತೋರಿಸಬೇಕಿದ್ದ ಸಭೆಯ ಹಿಂದಿನ ದಿನ ಮಧ್ಯಾಹ್ನ ಆಫೀಸಿನ ಪಕ್ಕದ ಹೋಟೆಲಿನ ಲಾಬಿಯಲ್ಲಿ ಭೇಟಿ. ನಾನೂ ಬರಬೇಕೆಂದು ಅಕ್ಕ ಹಟ ಹಿಡಿದರು, ಸಾಕ್ಷಿಗೆ. ಆತ ಎತ್ತರದ, ಚೆಂದದ ಮುದುಕ. ಅಕ್ಕನಿಗೆ ಕುರ್ಚಿ ಎಳೆದು ಕೊಟ್ಟ. ಸಾವಿಗೆ ಮೂಢನಂಬಿಕೆಯೇ ಕಾರಣ ಎಂದಿದ್ದ ಆ ಹಳೆಯ ವರದಿಯ ವಾಕ್ಯದ ಬಗ್ಗೆ ತನಗೂ ನೋವಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಅದನ್ನು ತಿದ್ದಿಸುತ್ತೇನೆ, ಮಾತು ಕೊಡುತ್ತೇನೆ. ನಾಳೆ ಸಭೆಯಲ್ಲಿ ಹಳೆಯದನ್ನು ಕೆದಕುವುದು ಬೇಡ. ಇದರಿಂದ ಮುಂದೆ ಜೀವಗಳು ಉಳಿಯುತ್ತವೆ."

"ತಿದ್ದುವುದಾದರೆ ಹದಿನೈದು ವರ್ಷ ಯಾಕೆ ತಿದ್ದಲಿಲ್ಲ?" ಎಂದರು ಅಕ್ಕ.

"ಯಾರೂ ಕೇಳಲಿಲ್ಲ."

ಅಕ್ಕ ಎದ್ದರು. ಪಾರ್ಕಿಂಗ್ ಲಾಟಿನಲ್ಲಿ ನಾನು ತಡೆಯಲಾರದೆ ಹೇಳಿದೆ: "ಅಕ್ಕ, ತಿದ್ದುತ್ತೀನಿ ಅಂತ ಅವರೇ ಹೇಳ್ತಿದಾರಲ್ಲ. ನಿಮಗೆ ಬೇಕಾಗಿದ್ದೂ ಅದೇ ತಾನೇ? ಒಪ್ಕೊಂಬಿಡಿ. ಸೇಡು ಇಟ್ಕೊಂಡು ಏನು ಸಿಗುತ್ತೆ?"

ಅವರು ನನ್ನನ್ನು ಮೊದಲ ಬಾರಿಗೆ ನೋಡುವವರ ಹಾಗೆ ನೋಡಿದರು. "ನಿನ್ನ ಮಂದಿ ಸತ್ತಿದ್ದರ ಹಿಂಗಂತಿದ್ದೇನು? ಗುಡ್ಡದ ಬಾಜೂ ಬಾಳೇವು ಮಾಡೋರಿಗೆ ಮರೆವು ಅಂದ್ರ ಸಾವು. ನೂರು ವರ್ಷ ಸುಮ್ನ ಇರ್ತೈತಿ ಗುಡ್ಡ. ಮರತವರನ್ನ ಹುಡುಕಿ ತಿಂತೈತಿ. ಅಜ್ಜ ನನಗ ಕಲಿಸಿದ್ದು ಅದೊಂದ. ನನಗ ವಾಕ್ಯಾನೂ ಬೇಕು, ಅಂವಾನೂ ಬೇಕು. ಎರಡೂ ಬೇಕು."

ಮರುದಿನ ಸಭೆಯಲ್ಲಿ ಹನ್ನೆರಡು ಜನರಿದ್ದೆವು. ಆತ ಚೆನ್ನಾಗಿ ಮಾತಾಡಿದ. ಅಜ್ಜನ ಬುಗ್ಗೆಯ ಚಿತ್ರ ಪರದೆಯ ಮೇಲೆ ಬಂದಾಗ ಅಕ್ಕನ ಬೂಟು ಮೇಜಿನ ಕೆಳಗೆ ಒಮ್ಮೆ ನೆಲಕ್ಕೆ ಬಡಿಯಿತು, ಅಷ್ಟೇ. ಪ್ರಶ್ನೆಗಳ ಹೊತ್ತು ಬಂದಾಗ ಎದ್ದು ಹೋಗಿ ಎರಡು ಹಾಳೆಗಳನ್ನು ಅವನ ಮುಂದಿಟ್ಟರು.

"ಈ ಹಾಳೆಯಲ್ಲಿ ಈ ಜನರ ಅರಿವು ಜೀವ ಉಳಿಸುತ್ತದೆ ಎಂದಿದ್ದೀರಿ. ಈ ಹಳೆಯ ಹಾಳೆಯಲ್ಲಿ ಇದೇ ಜನ ತಮ್ಮ ಮೂಢನಂಬಿಕೆಯಿಂದ ಸತ್ತರು ಎಂದಿದ್ದೀರಿ. ಎರಡರಲ್ಲಿ ಸುಳ್ಳು ಯಾವುದು?"

ಆತ ನಗಲು ನೋಡಿದ. ಸಂದರ್ಭ ಬೇರೆ ಎಂದ. ಅಕ್ಕ ನಕ್ಷೆ ಬಿಡಿಸಿದರು. ತಾವು ಹಾಕಿದ ಕೆಂಪು, ಅದರೊಳಗೆ ಅವನು ಎಳೆದ ಗೆರೆ, ಗೆರೆಯ ಪಕ್ಕ ಅವನ ಸಹಿ, ತಾರೀಖು. ಆಮೇಲೆ ಡೈರಿ. ಅಜ್ಜನ ಫೋನು, ಡೈರೆಕ್ಟರನ ಉತ್ತರ, ಮಾತಿಗೆ ಮಾತು. ಆತನ ಮುಖ ಸುಣ್ಣದಂತಾಯಿತು. ಕೊನೆಗೆ ಹೊರಬಿದ್ದದ್ದು ಒಂದೇ ಮಾತು: "ನೀವೂ ಸಹಿ ಹಾಕಿದ್ದೀರಿ!"

"ಹೌದು," ಎಂದರು ಅಕ್ಕ. "ಅದಕ್ಕೇ ನನಗೆ ಗೊತ್ತು."

ತಮ್ಮ ತಪ್ಪೊಪ್ಪಿಗೆಯ ಎರಡು ಪುಟವನ್ನು ಅಲ್ಲೇ ಓದಿದರು. ಕೇಳಿದ್ದು, ಹೇಳಿದ್ದು, ಹೆದರಿ ಸುಮ್ಮನಾದದ್ದು, ಸಹಿ ಹಾಕಿದ್ದು. ಅವನನ್ನು ಕೆಡವಲು ತಾವೂ ಬೀಳಬೇಕು ಎಂದು ಅವರಿಗೆ ಮೊದಲಿನಿಂದ ತಿಳಿದಿತ್ತು. ಆಗ ನನ್ನೊಳಗೆ ಏನಾಯಿತು ಎಂದು ಮುಚ್ಚಿಡುವುದಿಲ್ಲ. ಹಿಂದಿನ ದಿನ ಕ್ಷಮೆಯ ಮಾತಾಡಿದ್ದ ನಾನು ಅವನು ತನ್ನ ಹಾಳೆಗಳನ್ನು ಕಲೆಹಾಕಲು ತಡಕಾಡುವುದನ್ನೇ ನೋಡುತ್ತಿದ್ದೆ. ಇನ್ನೂ ತಡಕಾಡಲಿ ಎಂದು ಬಯಸುತ್ತಿದ್ದೆ.

ಕಂಪನಿ ಮಾದರಿಯನ್ನು ತಿರಸ್ಕರಿಸಿತು. ಅಕ್ಕ ಆ ಕಾಗದಗಳನ್ನೆಲ್ಲ ಹಳೆಯ ವರದಿ ಮಾಡಿಸಿದವರಿಗೂ, ಆತ ಕೂತಿದ್ದ ಸಮಿತಿಗಳಿಗೂ, ಹಳ್ಳಿಯ ಶಾಲೆಗೂ ಕಳಿಸಿದರು. ವರ್ಷ ಕಳೆಯುವುದರೊಳಗೆ ಒಂದೊಂದೇ ಸಮಿತಿ ಅವನನ್ನು ಬಿಟ್ಟಿತು. ವರದಿಯ ಆ ವಾಕ್ಯ ಹೋಗಿ, ಎಚ್ಚರಿಕೆ ಬಂದಿತ್ತು, ಸಂಸ್ಥೆ ಅದನ್ನು ಕಡೆಗಣಿಸಿತು ಎಂಬ ವಾಕ್ಯ ಬಂತು. ಅದನ್ನು ಊರಿನಲ್ಲಿ ಎಲ್ಲರನ್ನೂ ಸೇರಿಸಿ ಓದಿದೆವು ಎಂದು ಮೊಮ್ಮಗಳು ಅಕ್ಕನಿಗೆ ಬರೆದಳು. ನಮ್ಮ ಆಫೀಸು ಅಕ್ಕನಿಗೂ ಕೇಕು ಕತ್ತರಿಸಿ ನಿವೃತ್ತಿ ಕೊಟ್ಟಿತು. ಕೇಕನ್ನು ಅವರು ಎರಡು ಸಲ ಹಾಕಿಸಿಕೊಂಡರು.

ಅಕ್ಕ ಡಿಯರ್‌ಬಾರ್ನ್‌ನ ತಮ್ಮನ ಮನೆಗೆ ಹೋಗಿ ನೆಲೆಸಿದ ಮೇಲೆ ಒಮ್ಮೆ ಫೋನಿನಲ್ಲಿ ಕೇಳಿದೆ: "ಸೇಡು ತೀರಿದ ಮೇಲೆ ಮನಸ್ಸು ಖಾಲಿ ಆಗಿಬಿಡುತ್ತೆ ಅಂತಾರಲ್ಲ ಅಕ್ಕ. ಹೇಗಿದೀರಿ?"

"ಯಾರವಾ ಹಂಗಂದೋರು? ಮಾಡಲಾರದವರು ಅಂದಿರಬೇಕು. ನನಗ ಹಸಿವು ಆಗಾಕ ಹತ್ತೈತಿ. ನಿನ್ನಿ ನಾಕು ರೊಟ್ಟಿ ತಿಂದೀನಿ, ಎಣ್ಣೆಗಾಯಿ ಕೂಡ. ಮಧ್ಯಾಹ್ನ ಮಲಗಿದರ ಸಂಜೀಕ ಎಬ್ಬಸಬೇಕು." ಆಮೇಲೆ ಹೇಳಿದರು, "ನನ್ನ ಪಾಲಿಂದು ಮಾತ್ರ ತೀರಿಲ್ಲ. ನನ್ನ ಮ್ಯಾಲೆ ಸೇಡು ತೀರಿಸ್ಕೊಳ್ಳಾಕ ಯಾರೂ ಬರಲಿಲ್ಲ ನೋಡು. ಆ ಹುಡುಗಿ ನನ್ನನ್ನ ಅಜ್ಜಿ ಅಂತಾಳ."

ಮಾರ್ಚ್‌ನ ಒಂದು ಬೆಳಿಗ್ಗೆ ಅಕ್ಕನ ಹೃದಯ ನಿಂತಿತು. ಅಂತ್ಯಕ್ರಿಯೆಯ ದಿನ ಫ್ಯೂನೆರಲ್ ಹೋಮ್‌ನಲ್ಲಿ ನಾವು ಮೂವತ್ತು ಜನರಿದ್ದೆವು. ಮೊಮ್ಮಗಳು ವಿಡಿಯೋದಲ್ಲಿದ್ದಳು, ನನ್ನ ಫೋನಿನಲ್ಲಿ ಅವಳ ಮುಖ, ಹಿಂದೆ ಶಾಲೆಯ ಅಂಗಳದಲ್ಲಿ ಊರಿನ ಹೆಂಗಸರು. ಬಾಗಿಲ ಬಳಿ ಗಾಳಿ ತೂರಿ ಬಂತೆಂದು ತಿರುಗಿ ನೋಡಿದರೆ ಆತ, ಆ ಡೈರೆಕ್ಟರ್. ಬಹಳ ಇಳಿದುಹೋಗಿದ್ದ. ಕೈಯಲ್ಲಿ ಬಿಳಿ ಹೂವು.

"ಒಂದು ನಿಮಿಷ ಒಳಗೆ ಬಂದು ನೋಡಿ ಹೋಗುತ್ತೇನೆ. ನಮ್ಮಿಬ್ಬರ ಮಧ್ಯೆ ಏನೇ ಇರಲಿ, ಆಕೆ ದೊಡ್ಡ ವಿಜ್ಞಾನಿ."

ಅಕ್ಕನ ತಮ್ಮ ಒಳ್ಳೆಯವರು, "ಬರಲಿ ಬಿಡ್ರೀ, ಸಾವಿನ ಮನಿಗೆ ಬಂದವರನ್ನ..." ಎಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಫೋನನ್ನು ಅವನ ಕಡೆ ತಿರುಗಿಸಿ, ಇವಳನ್ನು ಕೇಳಿ ಎಂದೆ.

ಮೊಮ್ಮಗಳು ಅವನನ್ನು ನೋಡಿದಳು. ಆಮೇಲೆ ನನಗೂ ತಿಳಿಯಲಿ ಎಂದೋ ಏನೋ, ಇಂಗ್ಲಿಷಿನಲ್ಲಿ, ನಿಧಾನವಾಗಿ ಕೇಳಿದಳು: "ನಮ್ಮ ತಾತನ ಹೆಸರು ಹೇಳಿ. ಹೇಳಿ ಒಳಗೆ ಹೋಗಿ."

ಅವನು ಹೂವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಹಣೆ ಒತ್ತಿಕೊಂಡ. ಆ ಮುದುಕನ ಬುಗ್ಗೆಯನ್ನೂ ಮಂಗಗಳನ್ನೂ ಊರೂರಿನ ಸಭೆಗಳಲ್ಲಿ ತೋರಿಸಿ ಬಾಳಿದವನಿಗೆ ಆ ಮುದುಕನ ಹೆಸರು ಗೊತ್ತಿರಲಿಲ್ಲ. ಕಣ್ಣು ಮೇಲೆತ್ತಿ ನನ್ನ ಕಡೆ ನೋಡಿದ, ಬೇಡುವವನ ಹಾಗೆ.

ಹೆಸರು ನನಗೆ ಗೊತ್ತಿತ್ತು. ಅಕ್ಕ ಹೇಳಿಕೊಟ್ಟಿದ್ದರು, ಸರಿಯಾಗಿ ಉಚ್ಚರಿಸುವ ತನಕ ಹತ್ತು ಸಲ ಹೇಳಿಸಿದ್ದರು. ನಾನು ಅವನನ್ನೇ ನೋಡುತ್ತಾ ಸುಮ್ಮನೆ ನಿಂತೆ. ಅವನು ಹೂವನ್ನು ಎದೆಗೆ ಹಿಡಿದುಕೊಂಡೇ ಪಾರ್ಕಿಂಗ್ ಲಾಟಿನ ಕಡೆ ತಿರುಗಿದ ಮೇಲೆ ಬಾಗಿಲು ಹಾಕಿದೆ.